ಉಚ್ಚೆಯ ತೊಟ್ಟಿ

"ಇದನ್ನ ಬಿಳೀ ಬಟ್ಟೆ ಅಂತೀಯೇನೇ ಮುಂಡೆ? ನಿಮ್ಮವ್ವನ ಹೆಣಕ್ಕೆ ಹೊದಿಸು ಹೋಗು!"

ಒಡೆಯ ವಿಬುಲೇನಸ್ ಎಸೆದ ಒದ್ದೆ ತೋಗಾ, ದೊಡ್ಡವರು ಮೈಗೆ ಸುತ್ತುವ ಆ ಉದ್ದನೆ ಬಟ್ಟೆ, ನನ್ನ ಮುಖಕ್ಕೆ ಬಡಿದು ಹೆಗಲಿಂದ ಜೋತುಬಿತ್ತು. ನಾನು ತೊಟ್ಟಿಯಲ್ಲಿ ಮೊಣಕಾಲುದ್ದ ಹಳಸಿದ ಉಚ್ಚೆಯೊಳಗೆ ನಿಂತಿದ್ದೆ. ರೋಮಿನ ಬೀದಿ ಮೂಲೆಗಳ ಗಡಿಗೆಗಳಿಂದ ಹೊತ್ತು ತಂದ ಉಚ್ಚೆ. ಅದರಲ್ಲಿ ತುಳಿಯದೆ ದೊಡ್ಡವರ ಬಟ್ಟೆ ಬೆಳ್ಳಗಾಗುವುದಿಲ್ಲ. ತುಳಿದವರ ಬೆರಳ ಸಂದು ಹುಣ್ಣಾಗದೆ ಇರುವುದಿಲ್ಲ.

"ಇನ್ನೊಂದ್ಸಲ ತುಳೀತೀನಿ, ಒಡೆಯಾ."

"ತುಳಿ. ನಾಳೆ ಹೊಸ ಸೀಸರ್ ಊರೊಳಕ್ಕೆ ಬರ್ತಾನೆ. ನಾನು ಎಲ್ಲರಿಗಿಂತ ಮುಂದೆ ನಿಂತಿರ್ಬೇಕು."

ಮೊನ್ನೆ ಮೊನ್ನೆ ಇದೇ ಮನುಷ್ಯ ಹಳೆಯ ಸೀಸರನ ಆಯುಸ್ಸಿಗೆಂದು ಹೋರಿ ಕಡಿಸಿ ಊರಿಗೆಲ್ಲ ಬಾಡೂಟ ಹಾಕಿಸಿದ್ದ. ಆಮೇಲೆ ಹೊಸ ಸೀಸರನ ಉತ್ತರದ ಪಡೆ ಗೆದ್ದ ಸುದ್ದಿ ಬಂತು. ಮಾರನೆಯ ದಿನ ನೋಡಿದರೆ ಅಂಗಳದಲ್ಲಿದ್ದ ಹಳೆಯ ಸೀಸರನ ಕಲ್ಲಿನ ತಲೆ ಇರಲಿಲ್ಲ.

ಹೊರಟಿದ್ದ ಒಡೆಯ ನಿಂತ. ಬಟ್ಟೆ ಬೆಳ್ಳಗಾಗಲೆಂದು ಹಾಕಿದ ಗಂಧಕದ ಹೊಗೆಯ ಪಕ್ಕ ನನ್ನ ಮಗಳು ನೀಕೆ ಬಟ್ಟೆ ಮಡಚುತ್ತಿದ್ದಳು.

"ಇದು ನಿಂದೇನೇ?"

"ಹೂಂ ಒಡೆಯಾ. ಇನ್ನೂ ಹಾಲುಹಲ್ಲು ಬೀಳ್ತಾ ಅವೆ."

"ಗುಡಿಸೋಕೆ, ನೀರು ಹೊರೋಕೆ ಆಗುತ್ತೆ. ಸಂಜೆಗೆ ತೊಳೆದು ಇಡು. ಹೊಸ ಸೇನಾಪತಿ ಮನೆಗೆ ಕಾಣಿಕೆ ಕಳಿಸ್ತೀನಿ."

ನನ್ನ ಕಾಲು ನಿಂತುಹೋದವು. "ಒಡೆಯಾ, ನಂಗಿರೋದು ಒಂದೇ ಮಗಳು."

"ಮಗಳಂತೆ! ಕರು ಮಾರೋವಾಗ ಹಸೂನ ಕೇಳ್ಕೊಂಡು ಮಾರ್ತಾರೇನೇ?"

ಅವನು ನಕ್ಕು ಹೋದ. ನೀಕೆ ಮಡಚುವುದನ್ನು ನಿಲ್ಲಿಸಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ, ಕೈಯಲ್ಲಿ ಸವರಿ, ಒಂದರ ಮೇಲೊಂದು ಇಡುತ್ತಿದ್ದಳು. ನಾನು ಕಲಿಸಿದ ಹಾಗೇ.

ನಡುಮಧ್ಯಾಹ್ನ ಬೀದಿಯಲ್ಲಿ ಗದ್ದಲ ಎದ್ದಿತು. ಹೊಸ ಸೀಸರನ ಸೈನಿಕರು ನಾಳೆಯವರೆಗೆ ಕಾಯಲಿಲ್ಲ. ಹಳೆಯವನ ಕಡೆಯವರನ್ನು ಹುಡುಕಿ ಹುಡುಕಿ ಕಡಿಯುತ್ತಿದ್ದರು. ಅಡುಗೆಮನೆಯ ಬಾಗಿಲಿಂದ ವಿಬುಲೇನಸ್ ಏದುಸಿರು ಬಿಡುತ್ತಾ ಓಡಿಬಂದ. ಉಂಗುರಗಳನ್ನು ಕಿತ್ತು ಗಡಿಗೆಗೆ ಹಾಕಿದ. ಉಟ್ಟ ಬಟ್ಟೆ ಬಿಚ್ಚಿ ಬಿಸಾಡಿ, ಪಕ್ಕದ ತೊಟ್ಟಿ ತುಳಿಯುವ ದಾಮ ತಾತ ಗೂಟಕ್ಕೆ ನೇತುಹಾಕಿದ್ದ ಹರಕಲು ಸುತ್ತಿಕೊಂಡು ನನ್ನ ತೊಟ್ಟಿಗೇ ಇಳಿದ.

"ಅಫ್ರಾ, ನಮ್ಮವ್ವಾ," ಎಂದ. ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. "ನಾನೂ ನಿಮ್ಮೋನು ಅಂತ ಹೇಳು. ಹುಡುಗೀನ ಎಲ್ಲೂ ಕಳಿಸಲ್ಲ. ತಾಯಿ ಮಗಳು ಇಬ್ರಿಗೂ ಬಿಡುಗಡೆ. ದೇವರಾಣೆ."

ದಾಮ ತಾತ ಬೊಚ್ಚುಬಾಯಿ ತೆರೆದು ನಕ್ಕ. "ಮೂಗು ಮುಚ್ಕೋಬೇಡಿ ಒಡೆಯಾ. ರೂಢಿ ಆಯ್ತದೆ. ನಂಗೂ ಆಗಿಲ್ವಾ?"

ಅವನನ್ನು ಅಡಗಿಸಲು ನನಗೆ ಮನಸ್ಸಿತ್ತು. ಮಗಳು ಉಳಿಯುವುದಾದರೆ ಅವನನ್ನು ನನ್ನ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದೆ.

"ನಿಂತ್ಕೋಬೇಡ, ತುಳಿ," ಎಂದೆ. "ಬೆನ್ನು ಬಗ್ಗಿಸು. ಇನ್ನೂ ಬಗ್ಗು. ಹಿಮ್ಮಡಿ ಊರಿ ತುಳಿಯೋ, ಕತ್ತೆ!"

ತುಳಿದ. ಒಮ್ಮೆ ವಾಂತಿ ಮಾಡಿಕೊಂಡ. ಮತ್ತೆ ತುಳಿದ.

ಸೈನಿಕರು ನುಗ್ಗಿದರು. ಅವರ ನಾಯಕ ನಮ್ಮನ್ನೆಲ್ಲ ಒಮ್ಮೆ ನೋಡಿದ. "ವಿಬುಲೇನಸ್ ಎಲ್ಲಿ?"

"ಗೊತ್ತಿಲ್ಲ ಸ್ವಾಮಿ," ಎಂದೆ. "ದೊಡ್ಡೋರು ಈ ನಾತಕ್ಕೆ ಯಾಕ್ ಬಂದಾರು?"

"ಎಲ್ಲಾ ಮೇಲಕ್ಕೆ ಹತ್ತಿ."

ಹತ್ತಿದೆವು. ಕಾಲು ಒದರಿಕೊಂಡು ಗೋಡೆಗೆ ಒರಗಿ ನಿಂತೆವು. ವಿಬುಲೇನಸನೂ ಹತ್ತಿ, ಕಟ್ಟೆಯ ಮೇಲೆ ಕುಳಿತು, ಬಲಗಾಲನ್ನು ಮುಂದಕ್ಕೆ ಚಾಚಿದ. ಚಾಚಿ ಹಾಗೇ ಹಿಡಿದುಕೊಂಡ. ಯಾರನ್ನೂ ನೋಡಲಿಲ್ಲ. ನೀರಿಂದ ಮೇಲೆ ಬಂದಾಗಲೆಲ್ಲ ಆ ಕಾಲನ್ನು ಹುಟ್ಟಿದಾಗಿನಿಂದ ಯಾರಾದರೂ ಒರೆಸಿದ್ದರು. ಈಗಲೂ ಒರೆಸುತ್ತಾರೆಂದು ಕಾಯುತ್ತಿದ್ದ. ತಾನು ಕಾಯುತ್ತಿರುವುದು ಅವನಿಗೇ ಗೊತ್ತಿರಲಿಲ್ಲ.

ಯಾರೂ ಮಿಸುಕಲಿಲ್ಲ. ನಾಯಕ ಆ ಕಾಲನ್ನು ನೋಡಿದ. ಹಸುಗೂಸಿನ ಪಾದದಂತೆ ಮೆತ್ತಗೆ, ಕೆಂಪಗೆ ಇತ್ತು.

"ಲೇ, ಯಾರಾದ್ರೂ ಒರೆಸ್ರೋ!" ಎಂದು ಹೊಟ್ಟೆ ಹಿಡಿದು ನಕ್ಕ. "ಧಣಿಗಳು ಕಾಯ್ತಾವ್ರೆ!"

ಕೂದಲು ಹಿಡಿದು ಎಳೆದರು. ವಿಬುಲೇನಸ್ ನನ್ನ ಮಗಳ ಕಡೆ ಕೈ ತೋರಿಸಿ ಕೂಗಿಕೊಂಡ: "ಅಗೋ ಆ ಹುಡುಗಿ! ನಿಮ್ಮ ಸೇನಾಪತಿಗೆ ಅಂತಲೇ ಇಟ್ಟಿದ್ದೆ! ತಗೊಂಡ್ಹೋಗಿ, ನನ್ನ ಬಿಟ್ಬಿಡಿ!"

ಅಂಗಳದಲ್ಲಿ ಅವನ ಕೂಗು ಅರ್ಧಕ್ಕೇ ನಿಂತಿತು.

ನಾಯಕ ಕತ್ತಿ ಒರೆಸಿಕೊಳ್ಳುತ್ತಾ ಮರಳಿ ಬಂದ. "ಈ ಮನೆ, ನೀವು, ಎಲ್ಲಾ ಇವತ್ತಿಂದ ಹೊಸ ಸೀಸರಂದು. ಇಳೀರಿ, ತುಳೀರಿ. ನಾಳೆಗೆ ಬಟ್ಟೆ ಬೇಕು. ಎಲ್ಲಿ ಆ ಕಾಣಿಕೆ ಹುಡುಗಿ?"

"ಕೊಟ್ಟೋನು ಸತ್ತ, ಸ್ವಾಮಿ," ಎಂದೆ.

"ಕೊಟ್ಟಿದ್ದು ಸತ್ತಿಲ್ವಲ್ಲ. ಬಾರೇ ಇಲ್ಲಿ."

ನಾನು ನೀಕೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಎಲ್ಲಕ್ಕಿಂತ ಆಳದ, ಎಲ್ಲಕ್ಕಿಂತ ಹಳಸಿದ ತೊಟ್ಟಿಗೆ ಇಳಿದು ನಟ್ಟನಡುವೆ ನಿಂತೆ.

"ಅವ್ವಾ, ಕಣ್ಣು ಉರೀತದೆ."

"ಮುಚ್ಕೋ ಕಂದಾ. ಕತ್ತು ಗಟ್ಟಿಯಾಗಿ ಹಿಡ್ಕೋ."

ದಾಮ ತಾತ ಗೊಣಗುತ್ತಾ ಇಳಿದು ನನ್ನ ಮುಂದೆ ನಿಂತ. ಅವನ ಪಕ್ಕಕ್ಕೆ ನೀರು ಹೊರುವ ಹೆಂಗಸರು ಬಂದರು. ಹೊಗೆ ಹಾಕುವವರು ಬಂದರು. ಹೆಗಲಿಗೆ ಹೆಗಲು ತಾಗಿ ತೊಟ್ಟಿ ತುಂಬಿತು. ಉಚ್ಚೆ ಅಂಚು ಮೀರಿ ನಾಯಕನ ಮೊಳೆ ಹೊಡೆದ ಚಪ್ಪಲಿಗಳ ಮುಂದೆ ಹರಿಯಿತು. ಅವನು ಹಿಂದೆ ಸರಿದು ಮೂಗು ಮುಚ್ಚಿಕೊಂಡ.

"ಹೊರಗೆ ಬಾರೇ ಸೂಳೆ!"

"ಬೇಕಾದ್ರೆ ನೀನೇ ಇಳಿಯೋ ಬೋಳಿಮಗನೆ," ಎಂದೆ. "ನಾಚ್ಕೋಬೇಡ. ಊರೆಲ್ಲಾ ಹುಯ್ದಿರೋದೇ. ನಿಂದೂ ಐತೆ ಇದ್ರಾಗೆ."

ಅವನು ತನ್ನವರ ಕಡೆ ತಿರುಗಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಈಟಿ ಎತ್ತಿದ. ತೊಟ್ಟಿಯಲ್ಲಿ ಒಂದು ಕಾಲೂ ತುಳಿಯುತ್ತಿರಲಿಲ್ಲ.