ವೆಲ್ಡರಮ್ಮನ ಉಸಿರು

ಅವಳಿಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮುದ್ದು ಮಾಡುವುದು ಬೇಡ, ಅವಳೇ ಮಾಡುತ್ತಿರಲಿಲ್ಲ. ಗಂಡ ಆಳದ ನೀರಿಗೆ ಇಳಿಯುವ ಡೈವರ್. ಅವಳು ದಡದ ತಗಡಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಕೆಳಗಿದ್ದವರ ಜೊತೆ ತಂತಿಯ ಮೂಲಕ ಮಾತಾಡುವವಳು. ಎಷ್ಟೋ ವರ್ಷ ಇಬ್ಬರ ನಡುವೆ ಆ ತಂತಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಈಗ ನಡುವೆ ಒಬ್ಬಳು ಬಂದಿದ್ದಳು, ನೀರೊಳಗಿನ ಕಬ್ಬಿಣದ ಕೆಲಸಕ್ಕೆಂದು ಸೇರಿದ ಹೊಸ ವೆಲ್ಡರ್. ಇವಳು ಅವಳನ್ನು ಮನಸ್ಸಿನಲ್ಲೇ ವೆಲ್ಡರಮ್ಮ ಎಂದು ಕರೆಯುತ್ತಿದ್ದಳು, ಅದೂ ಹಲ್ಲು ಕಡಿದುಕೊಂಡು.

ಹೆಚ್ಚು ಉರಿಸಿದ್ದು ಇಳಿಯುವ ಮುಂಚಿನ ಆ ಕೆಲವು ನಿಮಿಷ. ಇವರು ಹೊತ್ತು ಇಳಿಯುವ ಉಸಿರಾಟದ ಯಂತ್ರ, ಬಿಟ್ಟ ಉಸಿರನ್ನು ಹೊರಗೆ ಹಾಕುವುದಿಲ್ಲ. ಬೆನ್ನ ಮೇಲಿನ ಸುಣ್ಣದ ಡಬ್ಬಿಯಲ್ಲಿ ಹಾಯಿಸಿ, ಇಂಗಾಲದ ಡೈಆಕ್ಸೈಡನ್ನು ಹೀರಿ, ಉಳಿದ ಗಾಳಿಗೆ ಆಮ್ಲಜನಕ ಸೇರಿಸಿ ಮತ್ತೆ ಕೊಡುತ್ತದೆ. ಡಬ್ಬಿ ಸರಿಯಾಗಿ ತುಂಬಿದೆಯೋ ಇಲ್ಲವೋ ನೋಡಲು ಇಳಿಯುವ ಇಬ್ಬರೂ ಎದುರುಬದುರು ಕೂತು, ಮಂಡಿಗೆ ಮಂಡಿ ತಾಗಿಸಿ, ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತ ತಂತಮ್ಮ ಯಂತ್ರದಿಂದ ಉಸಿರಾಡಬೇಕು. ಒಬ್ಬರ ಕಣ್ಣು ಮಂಕಾದರೆ ಇನ್ನೊಬ್ಬರು ನಿಲ್ಲಿಸಬೇಕು. ಸರಿ, ನಿಯಮ. ಆದರೆ ಮದುವೆಯಾದಾಗಿನಿಂದ ಈ ಮಹಾರಾಯ ಹೆಂಡತಿಯನ್ನು ಅಷ್ಟು ಹೊತ್ತು ನೋಡಿದ್ದುಂಟೇ?

ಆಳದಲ್ಲಿ ಹೀಲಿಯಂ ಬೆರೆತ ಗಾಳಿ ಬೇರೆ. ಅದನ್ನು ಕುಡಿದು ಯಾರು ಮಾತಾಡಿದರೂ ಬಾತುಕೋಳಿ ಕೂಗಿದಂತೆ. ಸರಸಕ್ಕೆ ಅದಕ್ಕಿಂತ ಕೆಟ್ಟ ಜಾಗ ಸಿಗಲಾರದು. ಆದರೂ ಹೊಟ್ಟೆಕಿಚ್ಚಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮಾತಿನಲ್ಲಿ ಏನೂ ಸಿಗದಾಗ ಅವಳು ಉಸಿರಿಗೆ ಕಿವಿ ಕೊಡತೊಡಗಿದಳು. ಎಡಗಿವಿಗೆ ಗಂಡ, ಬಲಗಿವಿಗೆ ವೆಲ್ಡರಮ್ಮ. ವೆಲ್ಡರಮ್ಮ ಉಸಿರನ್ನು ಉದ್ದಕ್ಕೆ ಬಿಟ್ಟು, ಕೊನೆಯಲ್ಲಿ ಏನೋ ಮರೆತವಳಂತೆ ಒಂದು ಚೂರು ತಡೆಯುತ್ತಿದ್ದಳು. ಆ ತಡೆಯುವಿಕೆ ಯಾರಿಗಾಗಿ ಎಂದು ಇವಳು ಅಡುಗೆ ಮಾಡುವಾಗಲೂ ಯೋಚಿಸುತ್ತಿದ್ದಳು.

ಹೋದ ತಿಂಗಳಂತೂ ಕೆಳಗೆ ಇಬ್ಬರೂ ನಕ್ಕದ್ದು ಕೇಳಿ, ತಂತಿ ಕೆಟ್ಟಿದೆ ಎಂದು ಸುಳ್ಳು ಹೇಳಿ ಮೇಲೆ ಕರೆಸಿಬಿಟ್ಟಿದ್ದಳು. ಮೇಸ್ತ್ರಿ ತಂತಿಯನ್ನು ಉದ್ದಕ್ಕೂ ಪರೀಕ್ಷೆ ಮಾಡಿ, "ಇನ್ನೊಂದ್ಸಲ ಹೀಗಾದ್ರೆ ನೀವು ಮನೇಲಿರಿ ಅಮ್ಮಾ, ಬೇರೆಯವರನ್ನ ಕೂರಿಸ್ತೀನಿ" ಎಂದಿದ್ದ. ಗಂಡ ಮನೆಯಲ್ಲಿ ಎರಡು ದಿನ ಮುಖ ಊದಿಸಿಕೊಂಡಿದ್ದ.

ಇವತ್ತಿನ ಕೆಲಸ ನೀರು ತುಂಬಿದ ಹಳೆಯ ಗಣಿಯ ತಳದಲ್ಲಿ. ಅಲ್ಲಿನ ಕಬ್ಬಿಣದ ಬಾಗಿಲಿನ ತುಕ್ಕು ಹಿಡಿದ ಬೋಲ್ಟುಗಳನ್ನು ವೆಲ್ಡರಮ್ಮ ಬಿಚ್ಚುತ್ತಿದ್ದಳು, ಗಂಡ ದೀಪ ಹಿಡಿದಿದ್ದ. ಇವಳು ಎಂದಿನಂತೆ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಮೂರನೆಯ ಬೋಲ್ಟಿನ ಹೊತ್ತಿಗೆ ಬಲಗಿವಿಯಲ್ಲಿ ಆ ತಡೆಯುವಿಕೆ ಇಲ್ಲವಾಯಿತು. ಉಸಿರು ಗಿಡ್ಡವಾಯಿತು, ಒಂದರ ಬೆನ್ನಿಗೆ ಒಂದು.

"ವೆಲ್ಡರ್, ಕೆಲಸ ನಿಲ್ಸು. ಹೇಗಿದೀಯ?"

"ಚೆನ್ನಾಗಿದೀನಿ ಅಕ್ಕ. ಬೋಲ್ಟ್ ಗಟ್ಟಿ ಇದೆ, ಅಷ್ಟೇ."

ಎಡಗಿವಿಯಲ್ಲಿ ಗಂಡ ಗೊಣಗಿದ. "ನಾನು ಪಕ್ಕದಲ್ಲೇ ಇದೀನಲ್ಲ. ಅವಳಿಗೇನೂ ಆಗಿಲ್ಲ. ಮತ್ತೆ ಶುರು ಮಾಡ್ಬೇಡ ಮಾರಾಯ್ತಿ."

ಪಕ್ಕದಲ್ಲೇ ಇದ್ದಾನಂತೆ. ಅವಳು ಮಾತಿನ ಗುಂಡಿಯಿಂದ ಕೈ ತೆಗೆದಳು. ಪಕ್ಕದಲ್ಲಿರುವವನೇ ನೋಡಿಕೊಳ್ಳಲಿ, ನನಗ್ಯಾಕೆ ಇಲ್ಲದ ಉಸಾಬರಿ ಎಂದುಕೊಂಡಳು. ವೆಲ್ಡರಮ್ಮ ಸಾಯಲಿ ಎಂದು ಅವಳು ಯಾವತ್ತೂ ಬಯಸಿರಲಿಲ್ಲ. ಇಲ್ಲದಿದ್ದರೆ ಸಾಕು ಎಂದು ಮಾತ್ರ ಬಯಸಿದ್ದಳು. ಅಷ್ಟು ಆಳದಲ್ಲಿ ಅವೆರಡೂ ಒಂದೇ ಎಂಬುದು ಈಗ ಹೊಳೆಯಿತು.

ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆಳದಲ್ಲಿ ಗಾಳಿಯೇ ಮಂದವಾಗಿರುತ್ತದೆ, ಎಳೆದು ಬಿಡುವುದೇ ದುಡಿಮೆ. ಮೈಬಗ್ಗಿಸಿ ಕೆಲಸ ಮಾಡಿದರೆ ಕೆಟ್ಟ ಗಾಳಿ ಹೊರಬೀಳದೆ ರಕ್ತದಲ್ಲೇ ತುಂಬುತ್ತದೆ. ಆಗ ಏದುಸಿರು, ಏದುಸಿರಿನಿಂದ ಇನ್ನಷ್ಟು ಕೆಟ್ಟ ಗಾಳಿ. ಸ್ವಲ್ಪ ಹೊತ್ತು ಬಿಟ್ಟರೆ ಕೈ ಹೇಳಿದ ಮಾತು ಕೇಳುವುದಿಲ್ಲ, ತಲೆಯಂತೂ ಮೊದಲೇ ಕೇಳುವುದಿಲ್ಲ. ಈ ಯಂತ್ರದಿಂದ ಗುಳ್ಳೆಯೂ ಏಳದ್ದರಿಂದ ಪಕ್ಕದವನಿಗೆ ಏನೂ ಕಾಣುವುದಿಲ್ಲ.

ಗುಂಡಿ ಒತ್ತಿದಳು. "ತಂಗೀ," ಎಂದಳು. ಆ ಪದ ಬಾಯಿಗೆ ಹೇಗೆ ಬಂತೋ. "ನೀನು ಉಸಿರು ಬಿಟ್ಟು ಕೊನೇಲಿ ಸ್ವಲ್ಪ ತಡೀತೀಯ. ಈಗ ತಡೀತಿಲ್ಲ. ಸ್ಪ್ಯಾನರ್ ಬಿಡು. ಮಾಸ್ಕಿನ ನಾಬ್ ತಿರುಗಿಸಿ, ಯಂತ್ರ ಬಿಟ್ಟು ಪಕ್ಕಕ್ಕೆ ಕಟ್ಟಿರೋ ತಾಜಾ ಗಾಳಿ ಸಿಲಿಂಡರಿಗೆ ಹೋಗು. ಈಗ್ಲೇ."

ಮೇಸ್ತ್ರಿ ಬಾಗಿಲಿಗೆ ಬಂದ. "ಮತ್ತೇನಮ್ಮಾ ಇದು?"

"ಮನೆಗೆ ಆಮೇಲೆ ಕಳ್ಸಿ, ಈಗ ಸುಮ್ನಿರಿ."

ಬಲಗಿವಿಯಲ್ಲಿ ಏದುಸಿರು ಮಾತ್ರ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ನಾಬ್ ತಿರುಗಿದ ಸದ್ದು, ಹಿಂದೆಯೇ ಸಿಲಿಂಡರಿನ ಗಾಳಿ ಉಸಿರಾಗಿ ನೀರಿಗೆ ಬೀಳುವ ಗುಳ್ಳೆಗಳ ಭೋರ್ಗರೆತ.

"ಅಕ್ಕ, ತಲೆ ಒಡೆದು ಹೋಗ್ತಿದೆ. ಕೈ ನಡುಗ್ತಿದೆ."

"ಮಾತಾಡ್ಬೇಡ. ಉದ್ದಕ್ಕೆ ಬಿಡು. ನನ್ ಜೊತೆ ಬಿಡು."

ಒಮ್ಮೆಗೇ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ, ಅದಕ್ಕೇ ದಾರಿಯಲ್ಲಿ ತಡೆತಡೆದು ನಿಲ್ಲಬೇಕು, ಗಂಟೆಗಟ್ಟಲೆ. ಅಷ್ಟೂ ಹೊತ್ತು ಇವಳು ದಡದಲ್ಲಿ ಕೂತು ಅವಳ ಜೊತೆ ಉಸಿರು ಬಿಟ್ಟಳು. ಗಂಟಲು ಒಣಗಿತು. ಮೇಸ್ತ್ರಿ ನೀರಿನ ಲೋಟ ತಂದಿಟ್ಟು ಹೋದ.

ವೆಲ್ಡರಮ್ಮನನ್ನು ಆಮ್ಲಜನಕ ಕೊಟ್ಟು ಮಲಗಿಸಿದ ಮೇಲೆ ಗಂಡ ಒದ್ದೆ ಮೈಯಲ್ಲೇ ಬಂದು ಕೂತ. ಮುಖ ಬಿಳಿಚಿಕೊಂಡಿತ್ತು.

"ನಿಂಗೆ ಹೇಗೆ ಗೊತ್ತಾಯ್ತು? ನಾನು ಕೈಗೆಟಕೋ ದೂರದಲ್ಲಿದ್ದೆ. ಅವಳು ಹೇಗೆ ಉಸಿರಾಡ್ತಾಳೆ ಅಂತ ನಂಗೇನು ಗೊತ್ತು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಲೂ ಬಾರದಷ್ಟು ದಣಿದಿದ್ದ. ಇಷ್ಟು ದಿನ ಬೆಂಕಿ ಬಿದ್ದಿದ್ದ ಹೊಟ್ಟೆ ಒಮ್ಮೆಗೇ ತಣ್ಣಗಾಯಿತು. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆ ಖುಷಿಯಲ್ಲೇ ಕೇಳಿದಳು.

"ನನ್ನದು?"

"ನಿನ್ನದೇನು?"

"ನಾನು ಹೇಗೆ ಉಸಿರಾಡ್ತೀನಿ, ಗೊತ್ತಾ?"

ಅವನು ಪಾಪ, ನಿಜವಾಗಿಯೂ ಯೋಚಿಸಿದ. ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದ. "ಎಲ್ಲರ ಹಾಗೇ ಅಲ್ವಾ?" ಎಂದು, ಬಗ್ಗಿ ಬೂಟು ಬಿಚ್ಚತೊಡಗಿದ.

ಹೊಟ್ಟೆಕಿಚ್ಚು ಪಡಲು ಅವಳಿಗೆ ಈಗ ಯಾರೂ ಉಳಿದಿರಲಿಲ್ಲ.