ಹೊಳಗುಂದ ಕೊನೆಗೆ

ವಾಗೀಶ ನನ್ನ ಚಿಕ್ಕಪ್ಪನ ಮಗ, ಅದಕ್ಕೇ ನಂಬಿದೆ. ಹೊರಗಿನವನಾಗಿದ್ದರೆ ಕಂಪ್ಯೂಟರಿನ ಹತ್ತಿರವೂ ಬಿಡುತ್ತಿರಲಿಲ್ಲ.

ಆದವಾನಿಯಲ್ಲಿ ನಾವಿಬ್ಬರೂ ಮೊಬೈಲ್ ಸ್ಟಾರ್ಟರ್ ಮಾಡಿ ಮಾರುತ್ತೇವೆ. ಹೊಲದ ಬೋರಿನ ಪಕ್ಕ ಸಿಮ್ ಹಾಕಿದ ಒಂದು ಡಬ್ಬಿ. ರೈತ ಮನೆಯಲ್ಲೇ ಕೂತು ಫೋನಿನಿಂದ ಮೋಟಾರ್ ಹಾಕುತ್ತಾನೆ, ಆರಿಸುತ್ತಾನೆ. ಈ ಬೇಸಿಗೆಯಲ್ಲಿ ಅದರ ಸಾಫ್ಟ್‌ವೇರಿನಲ್ಲಿ ನನಗೊಂದು ತೂತು ಕಂಡಿತು. ಡಬ್ಬಿಯ ನಂಬರ್ ಗೊತ್ತಿದ್ದರೆ ಸಾಕು, ಯಾರ ಮೋಟಾರನ್ನು ಯಾರು ಬೇಕಾದರೂ ಆಡಿಸಬಹುದಿತ್ತು.

ತೂತು ಮುಚ್ಚುವುದು ದೊಡ್ಡ ಕೆಲಸವಲ್ಲ. ತಿದ್ದಿದ ಸಾಫ್ಟ್‌ವೇರನ್ನು ಹೊಲದ ಡಬ್ಬಿಗಳಿಗೆ ಮುಟ್ಟಿಸುವುದೇ ತಲೆನೋವು. ಅರ್ಧ ಇಳಿದಾಗ ಸಿಗ್ನಲ್ ಹೋದರೆ ಡಬ್ಬಿ ಸತ್ತಂತೆ. ಹಾಗಾಗಿ ಒಮ್ಮೆಗೆ ಕೆಲವಕ್ಕೆ ಮಾತ್ರ ಕಳಿಸಿ, ನೆಟ್ಟಗೆ ನಡೆಯುವುದನ್ನು ನೋಡಿ ಮುಂದಕ್ಕೆ ಹೋಗಬೇಕು. ಮೊದಲು ಡಬ್ಬಿಗಳು, ಆಮೇಲೆ ಫೋನಿನ ಆ್ಯಪ್. ಉಲ್ಟಾ ಮಾಡಿದರೆ ಹೊಸ ಆ್ಯಪಿನ ಮಾತು ಹಳೆ ಡಬ್ಬಿಗೆ ತಿಳಿಯದೆ ಮೋಟಾರುಗಳೆಲ್ಲ ನಿಂತುಬಿಡುತ್ತವೆ. ಆದವಾನಿ ಮೊದಲು, ಪತ್ತಿಕೊಂಡ ನಂತರ. ಹೊಳಗುಂದದ ಕಡೆ ಡಬ್ಬಿಗಳೂ ಹಳೆಯವು, ಸಿಗ್ನಲ್ಲೂ ಅಷ್ಟಕ್ಕಷ್ಟೆ, ಅದು ಕೊನೆಗೆ. ಎಲ್ಲ ಮುಗಿಯುವವರೆಗೆ ತುಟಿ ಬಿಚ್ಚಬಾರದು. ಬೀಗ ಕೆಟ್ಟಿದೆ ಎಂದು ಡಂಗುರ ಸಾರಿ, ಆಮೇಲೆ ಹೊಸ ಬೀಗ ತರಲು ಹೋಗುವವರುಂಟೇ?

ಉಂಟು. ಪತ್ತಿಕೊಂಡ ಮುಗಿದಿತ್ತಷ್ಟೆ, ವಾಗೀಶ ಒಂದು ವಿಡಿಯೋ ಮಾಡಿ ನಮ್ಮ ಡಬ್ಬಿ ಮಾರುವ ಅಂಗಡಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಎಂಥ ತಪ್ಪು ಹಿಡಿದಿದ್ದೇವೆ ನೋಡಿ ಎಂಬ ಜಂಬ. ತೂತು ಎಲ್ಲಿದೆ, ಹೇಗೆ ನುಗ್ಗಬಹುದು, ಎಲ್ಲವನ್ನೂ ಮಾಡಿಯೇ ತೋರಿಸಿದ್ದ.

"ಹೊಳಗುಂದ ಇನ್ನಾ ಬಾಕಿ ಐತಲ್ಲೋ ಖೋಡಿ!" ಎಂದು ಕಿರುಚಿದೆ.

"ಪರವಾಲೇದಕ್ಕಾ, ಒಂದೆರಡು ದಿನದಾಗ ಏನಾಗ್ತೈತಿ? ಮಂದಿ ಹೆಂಗ ಹೊಗಳಾಕತ್ತಾರ ನೋಡು."

ಒಂದೇ ತಾಟಿನಲ್ಲಿ ಉಂಡು ಬೆಳೆದವನು. ನಾಲ್ಕು ಜನರ ಶಭಾಷ್‌ಗಿರಿಗೆ ನನ್ನನ್ನು ಮಾರಿಬಿಟ್ಟ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಲಿ?

ಮರುದಿನವೇ ಹೊಳಗುಂದದ ಲಿಂಗಕ್ಕನ ಮೋಟಾರನ್ನು ಯಾರೋ ತಮಾಷೆಗೆ ಹಾಕಿ ಆರಿಸಿ, ಹಾಕಿ ಆರಿಸಿ ಸುಟ್ಟೇಬಿಟ್ಟರು. ಮೆಣಸಿನ ಸಸಿ ಬೆಳೆಸಿ ಮಾರುವುದೇ ಆಕೆಯ ಜೀವನ. ಮೋಟಾರ್ ಮೇಲೆತ್ತಿ ರಿಪೇರಿ ಮಾಡಿಸುವಷ್ಟರಲ್ಲಿ ಸಸಿ ಮಡಿಗಳೆಲ್ಲ ಒಣಗಿಹೋಗಿದ್ದವು. ವಾಗೀಶನನ್ನು ಕರೆದೆ, ಮುಖ ತೋರಿಸಲು ಆಗುವುದಿಲ್ಲ ಎಂದ. ನಾನೊಬ್ಬಳೇ ಹೋದೆ.

ಲಿಂಗಕ್ಕ ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ನಿನ್ನ ತಮ್ಮ ಊರಿಗೆಲ್ಲಾ ಹೇಳ್ಯಾನಂತ, ತಿಳೀತು. ಹೋದ ವಾರ ಸಿಗ್ನಲ್ ನೋಡಾಕಂತ ನೀನು ಬಂದಿದ್ದ್ಯಲ್ಲ ಹೇಮವ್ವ, ಈ ಕಟ್ಟಿ ಮ್ಯಾಲೆ ಕುಂತು ಒಗ್ಗಾಣಿ ತಿಂದಿ. ಸಸಿ ಭಾಳ ಚಂದ ಅದಾವ ಅಂದಿ. ಆವಾಗ ನಿನಗ ಗೊತ್ತಿತ್ತೇನ?"

ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದಂತೆ, ಲಿಂಗಕ್ಕ. ನಾಳೆ ಇನ್ನೊಂದು ತೂತು ಕಂಡರೂ ನಾನು ಹೀಗೆಯೇ ಬಾಯಿ ಮುಚ್ಚಿಕೊಂಡಿರುತ್ತೇನೆ. ಇದೆಲ್ಲ ನಾಲಿಗೆ ತುದಿಯವರೆಗೆ ಬಂದಿತ್ತು.

"ಗೊತ್ತಿತ್ತು," ಅಂದೆ.

ಆಕೆ ಒಣಗಿದ ಮಡಿಯ ಕಡೆ ತಿರುಗಿದಳು.

"ನನಗೊಬ್ಬಾಕಿಗೆ ಹೇಳಿದ್ದರ, ಆ ಡಬ್ಬಿ ಬಿಚ್ಚಿಟ್ಟು ಮೋಟಾರ್ ಕೈಲೇ ಹಾಕ್ಕೊಂತಿದ್ನಲ್ಲವ್ವ."