ಮೂರು ಸಾಲಿನಲ್ಲಿ ಬರೆದ ಮೇಳ

ಮುಳಬಾಗಿಲಿನ ಸುತ್ತಮುತ್ತ ಹರಿಕಥೆಗೆ ಮೇಳ ಎಂದರೆ ಒಬ್ಬರೇ. ದಾಸರು ಬಸ್ಸಿನಲ್ಲಿ ಬರುವವರು. ಜೊತೆಗೊಬ್ಬರನ್ನು ಕರೆತಂದರೆ ಅದೇ ಹೆಚ್ಚು. ಹಾಗಾಗಿ ಲಕ್ಷ್ಮೀನಾರಾಯಣ ಮೇಷ್ಟ್ರು ತೊಡೆಯ ಮೇಲೆ ಮೃದಂಗ, ಬಲಮಂಡಿಯ ಪಕ್ಕ ಘಟ, ಎದುರಿಗೆ ಖಂಜಿರ ಇಟ್ಟುಕೊಂಡು ಮೂವರ ಕೆಲಸ ಮಾಡುತ್ತಿದ್ದರು. ಕುರುಡುಮಲೆಯಿಂದ ನಂಗಲಿಯವರೆಗೆ ಯಾರೂ ಅದನ್ನೊಂದು ವಿಶೇಷ ಎಂದು ನೋಡಿದವರಲ್ಲ. ಯುದ್ಧಕ್ಕೆ ಮೃದಂಗ, ಜೋಗುಳಕ್ಕೆ ಘಟ, ಹನುಮಂತ ಲಂಕೆಯಲ್ಲಿ ಕುಣಿದರೆ ಖಂಜಿರ. ಒಂದು ವಾದ್ಯ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಡುವೆ ಸದ್ದು ಕಡಿಯುತ್ತಿರಲಿಲ್ಲ. ಎಡಗೈ ಇನ್ನೂ ಮೃದಂಗದ ಎಡಮುಖದ ಮೇಲಿರುವಾಗಲೇ ಬಲಗೈ ಘಟದ ಮೇಲೆ ಇಳಿದಿರುತ್ತಿತ್ತು. ಬಲಗೈ ಘಟದಲ್ಲಿ ಇರುವಾಗಲೇ ಎಡಗೈ ಖಂಜಿರ ಎತ್ತಿಕೊಂಡಿರುತ್ತಿತ್ತು. ಮನೆಯಲ್ಲಿ ಅದಕ್ಕೆ ಕೈ ದಾಟಿಸುವುದು ಎನ್ನುತ್ತಿದ್ದರು.

ಆ ವಿದ್ಯೆ ಮಗ ನಂದಕಿಶೋರನಿಗೆ ಹತ್ತಲಿಲ್ಲ. ಅವನು ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟು ಲಗ್ನಪತ್ರಿಕೆ, ತಿಥಿಯ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದ. ಕಲಿತವಳು ಮೊಮ್ಮಗಳು ಶ್ರೀಪ್ರಿಯಾ. ಆದರೆ ಮೇಷ್ಟ್ರು ತೀರಿಕೊಂಡ ಮೇಲೆ ಯಾವ ದಾಸರೂ ಆ ಮನೆಯ ಬಾಗಿಲಿಗೆ ಬರಲಿಲ್ಲ. ಹೆಣ್ಣುಮಗಳನ್ನು ಊರೂರಿಗೆ ಹೇಗೆ ಕರೆದುಕೊಂಡು ಹೋಗುವುದು ಎಂದರು ಒಬ್ಬರು. ಗುಡಿಗೆ ಈಗ ಕರೆಂಟಿನ ನಗಾರಿ ಬಂದಿದೆಯಲ್ಲ ಎಂದು ಇನ್ನೊಬ್ಬರು ನಕ್ಕರು. ಡಿಗ್ರಿ ಮುಗಿಸಿದ ಹುಡುಗಿ ಅಪ್ಪನ ಅಂಗಡಿಯಲ್ಲಿ ಪ್ರೂಫ್ ನೋಡುತ್ತ ಕೂತಳು. ಮೇಜಿನ ಅಂಚಿನ ಮೇಲೆ ಅವಳ ಬೆರಳು ಆಡುತ್ತಿದ್ದರೆ ಗಿರಾಕಿಗಳು, "ಏನಮ್ಮಾ, ಬೇಗ ಆಗ್ಲಿ ಅಂತ ತಾಳ ಹಾಕ್ತಿದ್ದೀಯಾ?" ಎಂದು ಕೇಳುವರು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ವಂಶಿಕೃಷ್ಣನ ಸುದ್ದಿ ಬಂತು. ಶ್ರೀನಿವಾಸಪುರದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪಿಟೀಲುಗಳ ದೊಡ್ಡ ವಾದ್ಯವೃಂದ ನಡೆಸುತ್ತಿದ್ದ ಮನುಷ್ಯ. ಹೊಸದೊಂದು ಕಾರ್ಯಕ್ರಮಕ್ಕೆ ಅವನಿಗೆ ಕೋಲಾರ ಸೀಮೆಯ ತಾಳ ಬೇಕಾಗಿತ್ತು. ಒಪ್ಪಿಗೆಯಾದವರಿಗೆ ವರ್ಷವಿಡೀ ವೃಂದದ ಜೊತೆ ತಿರುಗಾಟ. ನಂದಕಿಶೋರ ನಂಬರು ಹುಡುಕಿ ಫೋನು ಮಾಡಿದ.

"ಬರೆದು ಕಳ್ಸಿ ಸಾರ್," ಎಂದ ವಂಶಿಕೃಷ್ಣ. "ನಮ್ಮೋರು ಇಂಗ್ಲಿಷ್ ನೊಟೇಶನ್ನು, ಐದು ಗೆರೆ ಮೇಲೆ ಇದ್ರೇನೇ ಓದೋದು. ಕಂಪ್ಯೂಟರಲ್ಲಿ ಮಾಡಿದ್ರೆ ಇನ್ನೂ ಒಳ್ಳೇದು, ನಾನೂ ಕೇಳ್ಬೋದು."

ಶ್ರೀಪ್ರಿಯಾ ತಾನೇ ಹೊಸದೊಂದು ನುಡಿಕೆ ಹೆಣೆದಳು. ಮೂರು ವಾದ್ಯ, ಮೇಲಿಂದ ಮೇಲೆ ಕೈ ದಾಟಿಸುವ ನಡೆ, ತಾತನಿಗೂ ಸುಲಭವಾಗದಂಥದ್ದು. ಬರೆಯುವ ಕೆಲಸ ಅಪ್ಪನದು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಂಗೀತ ಬರೆಯುವ ಸಾಫ್ಟ್‌ವೇರಿನ ಸಿ.ಡಿ. ತಂದು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಕರೆಂಟು ಹೋದಾಗ ಯುಪಿಎಸ್ ಕೀಚಲು ದನಿಯಲ್ಲಿ ಕೂಗಿಕೊಳ್ಳುತ್ತಿರುವಾಗ, ಅವನು ಆ ಐದು ಗೆರೆಗಳನ್ನು ಕಲಿತ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಲಗ್ನಪತ್ರಿಕೆಯೊಂದರಲ್ಲಿ ಗಂಡಿನ ಹೆಸರು ತಪ್ಪಾಗಿ ಬೈಸಿಕೊಂಡ. ಆದರೂ ಬಿಡಲಿಲ್ಲ. ಮಗಳಿಗೆ ಕೊಡುವುದಕ್ಕೆ ಅವನ ಕೈಯಲ್ಲಿ ಇದ್ದದ್ದು ಇದೊಂದೇ.

ಮೊದಲು ಒಂದೇ ಸಾಲಿನಲ್ಲಿ ಬರೆದ. ಮೃದಂಗ ಎಂದು ಶುರುಮಾಡಿ, ಘಟ ಬಂದ ಕಡೆ ಮೇಲೆ 'ಘಟ' ಎಂದು ಹಾಕಿದ. ಕನ್ನಡದ ಅಕ್ಷರ ಚೌಕ ಚೌಕವಾಗಿ ಕಾಣಿಸಿತು. ಇಂಗ್ಲಿಷಿನಲ್ಲಿ ಹಾಕಿದ. ಕಂಪ್ಯೂಟರ್ ಮಾತ್ರ ಘಟದ ಭಾಗವನ್ನೂ ಮೃದಂಗದ ಸದ್ದಿನಲ್ಲೇ ನುಡಿಸಿತು.

"ಇದಕ್ಕೇನು ಕಿವುಡಾ?" ಎಂದಳು ಶ್ರೀಪ್ರಿಯಾ.

ವಾದ್ಯ ಬದಲಿಸುವ ಆಜ್ಞೆ ಮೆನುವಿನ ಹೊಟ್ಟೆಯೊಳಗೆಲ್ಲೋ ಇತ್ತು. ಹುಡುಕಿ ಹಾಕಿದ. ಈಗ ಘಟ ಘಟದಂತೆ ಕೇಳಿಸಿತು. ಆದರೆ ಘಟ ಶುರುವಾದ ಕ್ಷಣ ಮೃದಂಗ ಬಾಯಿ ಮುಚ್ಚಿತು. ಒಂದು ಸಾಲಿನಲ್ಲಿ ಒಂದು ಹೊತ್ತಿಗೆ ಒಂದೇ ವಾದ್ಯ. ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಇರುವ ಆ ಗಳಿಗೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಕೈ ದಾಟಿಸುವ ಕಡೆಯಲ್ಲೆಲ್ಲ ತಾಳ ಕುಂಟಿತು.

ಕೊನೆಗೆ ನಂದಕಿಶೋರ ಎಲ್ಲ ಅಳಿಸಿ, ಮೃದಂಗಕ್ಕೊಂದು, ಘಟಕ್ಕೊಂದು, ಖಂಜಿರಕ್ಕೊಂದು ಎಂದು ಮೂರು ಸಾಲು ಮಾಡಿದ. ಈ ಸಲ ಸ್ಪೀಕರಿನಿಂದ ಬಂದದ್ದು ಸರಿಯಾಗಿಯೇ ಬಂತು. ಊಟದ ಡಬ್ಬಿ ತಂದಿದ್ದ ಹೆಂಡತಿ ಆದಿಲಕ್ಷ್ಮಿ ಬಾಗಿಲಲ್ಲೇ ನಿಂತಳು. "ಅಯ್ಯೋ, ಮಾವನೋರೇ ಒಳಗೆ ಕೂತಂಗಿದೆಯಲ್ರೀ!"

ಶ್ರೀಪ್ರಿಯಾ ಮಾತ್ರ ತೆರೆಯನ್ನೇ ನೋಡುತ್ತಿದ್ದಳು. "ಅಪ್ಪಾ, ಇದು ನೋಡಿದ್ರೆ ಮೂರು ಜನ ನುಡಿಸ್ದಂಗಿದೆ."

"ಕೇಳೋಕೆ ಸರಿಯಾಗಿದೆಯೋ ಇಲ್ವೋ?"

"ಸರಿಯಾಗಿದೆ. ಆದ್ರೂ ಮೇಲೆ ಒಬ್ಬರೇ ನುಡಿಸೋದು ಅಂತ ಬರೆದ್ಬಿಡು."

"ಲೇ, ಅವರು ಶ್ರೀನಿವಾಸಪುರದೋರು ಕಣೇ. ಮೇಳ ಅಂದ್ರೆ ಒಬ್ಬರೇ ಅಂತ ಅವರಿಗೆ ಹೇಳ್ಕೊಡ್ಬೇಕಾ? ಅನ್ನ ಬಾಯಲ್ಲಿ ತಿನ್ನೋದು ಅಂತ ಬರೆದಂಗಾಗುತ್ತೆ. ನಕ್ಕಾರು."

'ನನ್ನ ಮಗಳ ಮೇಳ, ದಯವಿಟ್ಟು ಕೇಳುವುದು' ಎಂದು ಬರೆದು ಇಂಟರ್‌ನೆಟ್ ಸೆಂಟರಿನಿಂದ ಕಳಿಸಿದ. ವಾರ ಕಳೆಯುವುದರೊಳಗೆ ವಂಶಿಕೃಷ್ಣನ ಫೋನು ಬಂತು. ತುಂಬಾ ಚೆನ್ನಾಗಿದೆ, ಇದನ್ನೇ ತಗೊಂಡಿದ್ದೀವಿ, ಕೋಲಾರದಲ್ಲೇ ಮೊದಲ ಪ್ರದರ್ಶನ, ಭಾನುವಾರ ರಿಹರ್ಸಲ್ಲಿಗೆ ಮಗಳನ್ನ ಕರ್ಕೊಂಡ್ ಬನ್ನಿ. ಆ ದಿನ ಆದಿಲಕ್ಷ್ಮಿ ಪಾಯಸ ಮಾಡಿದಳು. ಶ್ರೀಪ್ರಿಯಾ ಎರಡು ವರ್ಷದಿಂದ ಬಿಗಿಸದಿದ್ದ ಮೃದಂಗದ ಬಾರುಗಳನ್ನು ಬಿಗಿಸಿ, ಶ್ರುತಿ ಮಾಡಿಕೊಂಡಳು.

ಭಾನುವಾರ ಬಸ್ಸಿನಲ್ಲಿ ಮೂರು ವಾದ್ಯದ ಗಂಟುಗಳನ್ನು ನೋಡಿದ ಕಂಡಕ್ಟರು, "ಏನ್ ಸಾಮಿ, ಮಿಕ್ಕ ಮೇಳದೋರು ಎಲ್ಲಿ, ಟಾಪ್ ಮೇಲೆ ಹತ್ತಿಸಿದ್ರಾ?" ಎಂದ.

"ನಾನೇ ಕಣಣ್ಣಾ ಮೇಳ," ಎಂದಳು ಶ್ರೀಪ್ರಿಯಾ. ಹಾಗೆ ಗಟ್ಟಿಯಾಗಿ ಅವಳು ಮಾತಾಡಿ ಬಹಳ ಕಾಲವಾಗಿತ್ತು.

ಕೋಲಾರದ ರಿಹರ್ಸಲ್ ಹಾಲಿನಲ್ಲಿ ಪಿಟೀಲಿನವರು ಆಗಲೇ ಕೂತಿದ್ದರು. ವೇದಿಕೆಯ ಬಲಕ್ಕೆ ಜಮಖಾನ, ಅದರ ಮೇಲೆ ಮೂರು ಮೈಕು, ಮೂರು ಕಾಗದದ ಸ್ಟ್ಯಾಂಡು. ಮೃದಂಗದ ಮುಂದೆ ಒಬ್ಬರು, ಘಟದ ಮುಂದೆ ಒಬ್ಬರು ಕೂತಿದ್ದರು. ಮೂರನೆಯ ಜಾಗ ಖಾಲಿ.

"ಬಾಮ್ಮಾ," ಎಂದ ವಂಶಿಕೃಷ್ಣ ಪ್ರೀತಿಯಿಂದಲೇ. "ಖಂಜಿರ ನಿಂದೇ ಅಂತ ಬಿಟ್ಟಿದ್ದೀವಿ."

ನಂದಕಿಶೋರನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೂರು ಸ್ಟ್ಯಾಂಡುಗಳ ಕಡೆ ಕೈ ತೋರಿಸಿದ. "ಸಾರ್, ಅದು... ಮೂರೂ ಅವಳೊಬ್ಬಳೇ ನುಡಿಸೋದು ಸಾರ್."

ವಂಶಿಕೃಷ್ಣ ಕಾಗದ ಎತ್ತಿ ತೋರಿಸಿದ. "ನೋಡಿ, ಇಲ್ಲಿ ಮೃದಂಗ, ಘಟ ಒಂದರ ಮೇಲೊಂದು ಇದೆ. ಮೂರು ಪಾರ್ಟ್ ಪ್ರಿಂಟಾಗಿ ಬಂತು, ಮೂರು ಜನಕ್ಕೆ ಹೇಳಿದ್ವಿ. ನೀವೇ ಅಲ್ವಾ ಸಾರ್ ಹಿಂಗೆ ಬರ್ದಿದ್ದು?"

"ನಮ್ಮ ಕಡೆ ಹರಿಕಥೇಲಿ... ನಿಮಗೆ ಗೊತ್ತಿರುತ್ತೆ ಅಂತ..."

"ನಾನು ಶ್ರೀನಿವಾಸಪುರ ಬಿಟ್ಟಾಗ ಮೂರನೇ ಕ್ಲಾಸು ಸಾರ್."

ಶ್ರೀಪ್ರಿಯಾ ಗಂಟು ಬಿಚ್ಚಿ ಅಲ್ಲೇ ಕೂತು ನುಡಿಸಿ ತೋರಿಸಿದಳು. ಪಿಟೀಲಿನವರು ಚಪ್ಪಾಳೆ ತಟ್ಟಿದರು. ವಂಶಿಕೃಷ್ಣನೂ ತಟ್ಟಿದ. ಆಮೇಲೆ ಹೇಳಿದ: "ಭಲೇ ಚೆನ್ನಾಗಿದೆ. ಆದ್ರೆ ವರ್ಷವೆಲ್ಲ ತಿರುಗಾಟ. ನಿಂಗೊಂದು ಜ್ವರ ಬಂದ್ರೆ ಇಡೀ ಕಾರ್ಯಕ್ರಮ ನಿಲ್ಲುತ್ತೆ. ಹಿಂಗೆ ಬಿಡಿಬಿಡಿಯಾಗಿದ್ರೆ ಯಾರ್ ಬೇಕಾದ್ರೂ ಕೂರ್ಬೋದು. ಅದಕ್ಕೇ ತಾನೇ ಬರೆಯೋದು? ಖಂಜಿರದಲ್ಲಿ ನೀನಿರು."

ಅವಳು ಅಪ್ಪನ ಮುಖ ನೋಡಲಿಲ್ಲ. ಖಂಜಿರ ಹಿಡಿದು ಮೂರನೆಯ ಜಾಗದಲ್ಲಿ ಕೂತಳು. ಎದುರಿಗಿದ್ದ ಕಾಗದ ಅವಳಿಗೆ ಓದಲು ಬರುತ್ತಿರಲಿಲ್ಲ. ಓದುವುದೇನು, ತಾನೇ ಹೆಣೆದದ್ದು.

ಶುರುವಾಯಿತು. ಮೃದಂಗ ಸರಿಯಾಗಿ ಬಂತು, ಘಟ ಸರಿಯಾಗಿ ಬಂತು. ಖಂಜಿರ ಒಂದು ಕೂದಲೆಳೆ ತಡವಾಯಿತು. ಮತ್ತೆ ಮಾಡಿದರು, ಮತ್ತೆ ತಡ. ಖಂಜಿರದ ಆ ಪೆಟ್ಟು ಹಾಕಲು ಅವಳ ಕೈ ಯಾವಾಗಲೂ ಘಟದ ಮೇಲಿಂದ ಬರುತ್ತಿತ್ತು. ಘಟದ ಕೊನೆಯ ಪೆಟ್ಟು ತನ್ನ ಬೆರಳಿಗೆ ತಾಗಿದರೆ ಮುಂದಿನದು ತಾನಾಗಿ ಬರುವುದು. ಈಗ ಆ ಪೆಟ್ಟು ಬೇರೆಯವರ ಬೆರಳಿನಲ್ಲಿತ್ತು. ಅವಳು ಅದನ್ನು ಕಿವಿಯಲ್ಲಿ ಕೇಳಿ, ಆಮೇಲೆ ಕೈ ಎತ್ತಬೇಕಾಗಿತ್ತು.

"ಖಂಜಿರ ಲೇಟು," ಎಂದ ವಂಶಿಕೃಷ್ಣ. "ಕೇಳ್ಕೊಂಡು ಬರ್ಬೇಡಮ್ಮಾ, ಓದ್ಕೊಂಡು ಬಾ."

"ಓದೋಕೆ ಬರಲ್ಲ ಸಾರ್."

ನಂದಕಿಶೋರ ಮುಂದೆ ಬಂದು, "ಸಾರ್, ನಾಳೆ ಬೆಳಿಗ್ಗೆಯೊಳಗೆ ಎಲ್ಲ ಒಂದೇ ಸಾಲಿಗೆ ತಂದು ಬರ್ದು ಕೊಡ್ತೀನಿ. ಒಂದ್ ಅವಕಾಶ ಕೊಡಿ," ಎಂದ. ಒಂದೇ ಸಾಲಿನಲ್ಲಿ ಅದು ಕೂರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಹಾಲಿನಲ್ಲಿ ಇರಲಿಲ್ಲ.

"ಬೇಡ ಸಾರ್, ಇದು ಪರ್ಫೆಕ್ಟಾಗಿದೆ. ನಿಮ್ಮಷ್ಟು ನೀಟಾಗಿ ಯಾರೂ ಕಳಿಸಿರ್ಲಿಲ್ಲ." ವಂಶಿಕೃಷ್ಣ ಗಡಿಯಾರ ನೋಡಿಕೊಂಡ. "ಬೆಂಗಳೂರಲ್ಲಿ ನೊಟೇಶನ್ ಓದೋ ಹುಡುಗನೊಬ್ಬ ಇದ್ದಾನೆ, ಸಂಜೆಗೆ ಬರ್ತಾನೆ. ಬೇಜಾರ್ ಮಾಡ್ಕೋಬೇಡಮ್ಮಾ. ಪಾಂಪ್ಲೆಟಲ್ಲಿ ನಿನ್ ಹೆಸರು ಹಾಕಿಸ್ತೀನಿ."

ಶ್ರೀಪ್ರಿಯಾ ಖಂಜಿರವನ್ನು ಬಟ್ಟೆಯಲ್ಲಿ ಸುತ್ತಿದಳು. ಮೃದಂಗಕ್ಕೆ ಗವಸು ಹಾಕಿದಳು. ಘಟಕ್ಕೆ ಕೈ ಹಾಕುವಾಗ ಪಕ್ಕದ ಘಟದವರು ತಗ್ಗಿದ ದನಿಯಲ್ಲಿ ಕೇಳಿದರು: "ಮಗೂ, ನಿನ್ ಘಟ ಪಿಟೀಲಿನ ಶ್ರುತಿಗೆ ಸರಿಯಾಗಿ ಕೂತ್ಕೊಳ್ತಿದೆ, ನಂದು ಒಂಚೂರು ಕೆಳಗಿದೆ. ಇದೊಂದು ಪ್ರದರ್ಶನಕ್ಕೆ ಕೊಡ್ತೀಯಾ? ಜೋಪಾನವಾಗಿ ವಾಪಸ್ ಕಳಿಸ್ತೀನಿ."

ಅವಳು ಎರಡೂ ಕೈಯಲ್ಲಿ ಎತ್ತಿ ಅವರ ಮಡಿಲಿಗೆ ಇಟ್ಟಳು.

ಹೊರಗೆ ಬಂದ ಮೇಲೆ ನಂದಕಿಶೋರನಿಗೆ ತಡೆಯಲಾಗಲಿಲ್ಲ. "ತಾತನ ಘಟ ಕಣೇ ಅದು! ಯಾಕೇ ಕೊಟ್ಟೆ?"

ಶ್ರೀಪ್ರಿಯಾ ಮೃದಂಗವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು.

"ನುಡಿಸೋದನ್ನೇ ಬರ್ದು ಕೊಟ್ಟಾಗಿದ್ಯಲ್ಲಪ್ಪಾ," ಎಂದಳು. "ಮಡಕೆ ಇಟ್ಕೊಂಡು ಏನ್ ಮಾಡ್ಲಿ?"

ಅಪ್ಪ ಮೃದಂಗ ಹೊರಲೆಂದು ಕೈ ಚಾಚಿದ. ಅವಳು ಕೊಡಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಮುಂದೆ ಮುಂದೆ ನಡೆದಳು.